ಹುಣಸೆಬೀಜದ ಗಣಿತ

ಇಳಕಲ್ಲಿನಲ್ಲೋ ಹುನಗುಂದದಲ್ಲೋ ನೆಂಟರ ಮನೆಗೆ ಹೋದರೆ ಚಹಾ ಬರುವ ಮೊದಲೇ ಮನೆಯ ಮಗುವನ್ನು ಕರೆದು ನಿಲ್ಲಿಸುತ್ತಾರೆ. ‘ಮಾಮಾಗ ಒಂದರಿಂದ ನೂರು ಹೇಳಿ ತೋರಸು.’ ಮಗು ಉಸಿರು ಬಿಗಿಹಿಡಿದು ಒಂದೇ ಓಟಕ್ಕೆ ಮೂವತ್ತು ನಲವತ್ತು ದಾಟುತ್ತದೆ, ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಮೂರು, ಮೂರೂವರೆ ವರ್ಷದ ಅಂಥ ಮಗುವಿನ ಮುಂದೆ ಐದು ಹುಣಸೆಬೀಜ ಇಟ್ಟು ಎಣಿಸಲು ಹೇಳಿ ನೋಡಿ. ‘ಒಂದ, ಎರಡ, ಮೂರ, ನಾಕ, ಐದ.’ ತಪ್ಪಿಲ್ಲ. ‘ಹಂಗಾರ ಎಷ್ಟ ಅದಾವು?’ ಎಂದು ಕೇಳಿದರೆ ಬಹಳಷ್ಟು ಮಕ್ಕಳು ಐದು ಅನ್ನುವುದಿಲ್ಲ, ಮತ್ತೆ ಒಂದರಿಂದ ಎಣಿಸಲು ಶುರುಮಾಡುತ್ತಾರೆ. ಎಷ್ಟು ಎಂಬ ಪ್ರಶ್ನೆ ಅವರಿಗೆ ಎಣಿಸು ಎಂಬ ಆಜ್ಞೆಯಾಗಿ ಕೇಳಿಸುತ್ತದೆ. ಕೊನೆಗೆ ಹೇಳಿದ ಪದವೇ ಇಡೀ ಗುಂಪಿನ ಲೆಕ್ಕ ಎಂಬುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ.

ಇದನ್ನು ಪತ್ತೆ ಮಾಡಲು ಮನಶ್ಶಾಸ್ತ್ರಜ್ಞರ ಬಳಿ ಒಂದು ಸರಳ ಪರೀಕ್ಷೆ ಇದೆ. ಬೀಜಗಳ ಗುಡ್ಡೆ ಮುಂದಿಟ್ಟು ‘ಮೂರು ಕೊಡು’ ಅನ್ನಬೇಕು, ಅಷ್ಟೆ. ಅಮೆರಿಕದ ಕ್ಯಾರೆನ್ ವಿನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆ ಆಟಿಕೆಗಳನ್ನಿಟ್ಟು ಕೇಳಿದ್ದು ಇದನ್ನೇ. ಎಣಿಕೆಯ ಪದಗಳನ್ನು ಸಲೀಸಾಗಿ ಹೇಳುವ ಮಕ್ಕಳೂ ಮೂರು ಕೇಳಿದರೆ ಕೈಗೆ ಸಿಕ್ಕಷ್ಟನ್ನು ಬಾಚಿ ಕೊಟ್ಟರು. ಮಗುವಿಗೆ ಮೊದಲು ಅರ್ಥವಾಗುವುದು ‘ಒಂದು’ ಮಾತ್ರ. ಒಂದು ಕೇಳಿದರೆ ಒಂದೇ ಕೊಡುತ್ತದೆ, ಅದಕ್ಕಿಂತ ಹೆಚ್ಚು ಏನು ಕೇಳಿದರೂ ಒಂದು ಹಿಡಿ. ಕೆಲವು ತಿಂಗಳ ಮೇಲೆ ‘ಎರಡು’ ತಿಳಿಯುತ್ತದೆ, ಆಮೇಲೆ ‘ಮೂರು’. ಅಲ್ಲಿಂದ ಮುಂದೆ ಒಂದೊಂದೇ ಮೆಟ್ಟಿಲು ಹತ್ತಬೇಕಾಗಿಲ್ಲ. ಎಣಿಸಿ ಮುಗಿಸಿದ ಪದವೇ ಉತ್ತರ ಎಂಬ ಗುಟ್ಟು ಸಿಕ್ಕ ಮಗು ಐದನ್ನೂ ಆರನ್ನೂ ತಾನಾಗಿ ಎಣಿಸಿ ಕೊಡುತ್ತದೆ. ಒಂದರಿಂದ ಈ ಗುಟ್ಟಿನವರೆಗಿನ ಹಾದಿ ಸವೆಯಲು ಒಂದು ವರ್ಷವೇ ಹಿಡಿಯಬಹುದು. ನೂರರವರೆಗೆ ಬಾಯಿಪಾಠ ಮಾಡಿಸಿದ್ದಕ್ಕೆ ಆ ವರ್ಷ ಕಡಿಮೆಯೇನೂ ಆಗುವುದಿಲ್ಲ.

ಬೀಜ ಎಣಿಸುವ ಮಗುವಿನ ಕೈಯನ್ನು ಹತ್ತಿರದಿಂದ ನೋಡಬೇಕು. ಬೆರಳು ಒಂದು ವೇಗದಲ್ಲಿ, ಬಾಯಿ ಇನ್ನೊಂದು ವೇಗದಲ್ಲಿ. ‘ನಾಕ’ ಅನ್ನುವಷ್ಟರಲ್ಲಿ ಬೆರಳು ಎರಡು ಬೀಜ ದಾಟಿರುತ್ತದೆ, ‘ಒಂಬತ್ತ’ ಎಂಬ ಉದ್ದದ ಪದ ಮುಗಿಯುವುದರೊಳಗೆ ಇನ್ನೊಂದು ಹಾರಿಹೋಗಿರುತ್ತದೆ. ಬೀಜಗಳು ಸುತ್ತಾಗಿ ಬಿದ್ದಿದ್ದರಂತೂ ಎಲ್ಲಿ ಶುರುಮಾಡಿದೆ ಎಂಬುದೇ ಮರೆತು ಎರಡನೇ ಸುತ್ತು ಹೊರಡುತ್ತದೆ. ಇದಕ್ಕೆ ಬೈಗುಳ ಮದ್ದಲ್ಲ. ಎರಡು ತಟ್ಟೆ ಇಟ್ಟು, ಎಣಿಸಿದ ಬೀಜವನ್ನು ಈ ತಟ್ಟೆಯಿಂದ ಎತ್ತಿ ಆ ತಟ್ಟೆಗೆ ಹಾಕಲು ಹೇಳಿದರೆ ಸಾಕು. ಎತ್ತಿ ಹಾಕುವ ಕೈ ಬಾಯಿಯ ವೇಗವನ್ನು ತಾನೇ ಹಿಡಿದು ನಿಲ್ಲಿಸುತ್ತದೆ. (ಮೂರು ವರ್ಷದೊಳಗಿನವರ ಕೈಗೆ ಹುಣಸೆಬೀಜ ಬೇಡ, ಅದು ಬಾಯಿಗೋ ಮೂಗಿಗೋ ಹೋಗುತ್ತದೆ. ಅವರಿಗೆ ಚಮಚ, ಬಟ್ಟಲು, ಬದನೆಕಾಯಿಯೇ ಒಳ್ಳೆಯದು.)

ಒಂದು ವಸ್ತುವಿಗೆ ಒಂದೇ ಪದ, ಪದಗಳ ಸಾಲು ಎಂದೂ ಕೆಡಬಾರದು, ಕೊನೆಯ ಪದವೇ ಮೊತ್ತ, ಎತ್ತಲಿಂದ ಎಣಿಸಿದರೂ ಮೊತ್ತ ಅದೇ, ಯಾವ ವಸ್ತುವನ್ನಾದರೂ ಎಣಿಸಬಹುದು: ಎಣಿಕೆಯೊಳಗೆ ಅಡಗಿರುವ ಈ ಐದು ನಿಯಮಗಳನ್ನು ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟರು. ಹೇಳುವ ಪದ ಯಾವುದಾದರೇನು, ಸಾಲು ಬದಲಾಗದಿದ್ದರೆ ಆಯಿತು. ನಮ್ಮ ಸೀಮೆಯ ಕಣದಲ್ಲಿ ಜೋಳ ಅಳೆಯುವಾಗ ಹಿರಿಯರು ಮೊದಲ ಸೇರಿಗೆ ಒಂದು ಅನ್ನದೆ ‘ಲಾಭ’ ಅಂದು, ಆಮೇಲೆ ಎರಡು, ಮೂರು ಎಂದು ಮುಂದುವರಿಯುವುದಿಲ್ಲವೇ? ರಾಶಿಯ ಲೆಕ್ಕ ಅದರಿಂದ ಒಂದು ಸೇರೂ ತಪ್ಪುವುದಿಲ್ಲ. ಎತ್ತಲಿಂದ ಎಣಿಸಿದರೂ ಅಷ್ಟೇ ಎಂಬುದು ಮಾತ್ರ ಮಕ್ಕಳಿಗೆ ನಿಜವಾದ ಅಚ್ಚರಿ. ಎಡದಿಂದ ಎಣಿಸಿದ ಆರು ಬೀಜವನ್ನು ಬಲದಿಂದ ಎಣಿಸಿದರೆ ಎಷ್ಟಾದೀತು ಎಂದು ಕೇಳಿ, ಎಣಿಸುವ ಮೊದಲೇ ಉತ್ತರ ಹೇಳಲು ಬಿಡಿ. ಕೆಲವರು ಧೈರ್ಯದಿಂದ ‘ಹತ್ತ’ ಅನ್ನುತ್ತಾರೆ. ಕ್ರಮ ಬದಲಾದರೂ ಮೊತ್ತ ಅದೇ ಎಂಬುದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಹುನಗುಂದ ಸೀಮೆಯದೇ ಆದ ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಮಹಾಭಾರತ ಯುದ್ಧದಿಂದ 3735 ವರ್ಷ ಕಳೆದವು ಎನ್ನುತ್ತದೆ. ಛಂದಸ್ಸಿನ ಅನುಕೂಲಕ್ಕೆ ಕವಿ ಅದನ್ನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಹಿಂದುಮುಂದಾಗಿ ಹೇಳಿದ್ದಾನೆ. ಮೊತ್ತ ಕದಲಿಲ್ಲ.

ಹಾಗೆಂದು ಮಗು ಏನೂ ಇಲ್ಲದ ಹಲಗೆಯಾಗಿ ಹುಟ್ಟುವುದಿಲ್ಲ. ಐದು ತಿಂಗಳ ಕೂಸುಗಳ ಮುಂದೆ ಇದೇ ಕ್ಯಾರೆನ್ ವಿನ್ ಒಂದು ಗೊಂಬೆ ಇಟ್ಟು, ಪರದೆ ಮರೆಮಾಡಿ, ಕೂಸು ನೋಡುತ್ತಿರುವಂತೆಯೇ ಇನ್ನೊಂದು ಗೊಂಬೆಯನ್ನು ಪರದೆಯ ಹಿಂದೆ ಸೇರಿಸಿದರು. ಪರದೆ ಸರಿದಾಗ ಗೊಂಬೆ ಒಂದೇ ಇದ್ದರೆ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. 1992ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈ ಪ್ರಯೋಗ ಆಗ ದೊಡ್ಡ ಸುದ್ದಿಯಾಯಿತು. 2000ದಲ್ಲಿ ಫೇ ಷೂ ಮತ್ತು ಎಲಿಜಬೆತ್ ಸ್ಪೆಲ್ಕಿ ತೋರಿಸಿದ್ದು ಇನ್ನೊಂದು ಬಗೆಯ ಅರಿವನ್ನು. ಆರು ತಿಂಗಳ ಕೂಸು 8 ಚುಕ್ಕೆಗೂ 16 ಚುಕ್ಕೆಗೂ ಇರುವ ವ್ಯತ್ಯಾಸ ಗುರುತಿಸುತ್ತದೆ, 8ಕ್ಕೂ 12ಕ್ಕೂ ಇರುವುದನ್ನು ಗುರುತಿಸುವುದಿಲ್ಲ. ಒಟ್ಟಿನಲ್ಲಿ ಸಣ್ಣ ಸಂಖ್ಯೆಗಳನ್ನು ಕಣ್ಣಳತೆಯಲ್ಲೇ ಹಿಡಿಯುವ ಶಕ್ತಿ, ದೊಡ್ಡ ಗುಂಪುಗಳಲ್ಲಿ ಯಾವುದು ಹೆಚ್ಚು ಎಂದು ಅಂದಾಜಿಸುವ ಶಕ್ತಿ, ಇವೆರಡೂ ಮಾತಿಗಿಂತ ಮೊದಲೇ ಬಂದಿರುತ್ತವೆ.

ಬಾದಾಮಿಯ ಮೊದಲ ಗುಹೆಯ ನಟರಾಜನ ಮುಂದೆ ನಿಂತರೆ ದೊಡ್ಡವರಿಗೂ ತಮ್ಮ ಕಣ್ಣಳತೆಯ ಗಡಿ ಗೊತ್ತಾಗುತ್ತದೆ. ಅವನಿಗೆ ಹದಿನೆಂಟು ತೋಳು. ಗೈಡು ಹೇಳದಿದ್ದರೆ ನಾವೂ ‘ಬಹಳ ಅದಾವು’ ಅನ್ನುವವರೇ, ಏಕೆಂದರೆ ಒಂದೇ ನೋಟಕ್ಕೆ ನಿಲುಕುವುದು ಮೂರೋ ನಾಲ್ಕೋ ಮಾತ್ರ. ಶಾಲೆಗೆ ಸೇರದ ಮಗುವಿಗೆ ಅಲ್ಲಿ ಹದಿನೆಂಟು ಎಣಿಸುವ ಕಷ್ಟ ಕೊಡಬೇಕಿಲ್ಲ. ಈ ಬದಿಯ ತೋಳು ಹೆಚ್ಚೋ, ಆ ಬದಿಯವು ಹೆಚ್ಚೋ ಎಂದು ಕೇಳಬಹುದು. ಮಗು ಒಂದು ಬೆರಳು ಅತ್ತ, ಒಂದು ಬೆರಳು ಇತ್ತ ತೋರಿಸುತ್ತ ಜೋಡಿ ಕೂಡಿಸತೊಡಗಿದರೆ ಸಮ ಎಂಬುದನ್ನು ಒಂದೂ ಸಂಖ್ಯೆ ಹೇಳದೆ ಕಂಡುಕೊಂಡಂತೆ.

ಮನೆಯ ಆಟಗಳಲ್ಲಿ ನನಗೆ ಹೆಚ್ಚು ಇಷ್ಟವಾದುದು ಚೌಕಾಬಾರ. ನಾಲ್ಕು ಕವಡೆ ಎಸೆದರೆ ಬಾಯಿ ಮೇಲಾಗಿ ಬಿದ್ದವು ಎಷ್ಟೋ ಅಷ್ಟು ಮನೆ ನಡೆಯಬೇಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಡೆದು ಹೋಳು ಮಾಡಿಕೊಂಡರೆ ಒಂದು ಮೈ ಬಿಳಿ, ಒಂದು ಮೈ ಕಂದು. ಪ್ರತಿ ಎಸೆತದಲ್ಲೂ ಮಗು ಮೂರನ್ನು ಎಣಿಸದೆ ಕಣ್ಣಲ್ಲೇ ಗುರುತಿಸುತ್ತದೆ, ಆ ಮೂರನ್ನು ಮೂರು ಹೆಜ್ಜೆಯಾಗಿ ನಡೆಸುತ್ತದೆ. ಆದರೆ ಈ ಆಟವೇ ಎಲ್ಲ ಕಲಿಸಿಬಿಡುತ್ತದೆ ಎಂದು ಹೇಳಲು ಬರುವುದಿಲ್ಲ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅಮೆರಿಕದ ಬಡ ಕುಟುಂಬಗಳ ಮಕ್ಕಳಿಗೆ 1ರಿಂದ 10ರವರೆಗೆ ಅಂಕಿ ಬರೆದ, ಒಂದೇ ನೇರ ಸಾಲಿನ ಮನೆಗಳ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದಿಪ್ಪತ್ತು ನಿಮಿಷ. ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಎನ್ನುವುದು ಎಲ್ಲದರಲ್ಲೂ ಮಕ್ಕಳು ಮುಂದಾದರು, ಒಂಬತ್ತು ವಾರದ ಮೇಲೆ ನೋಡಿದಾಗಲೂ ಆ ಕಲಿಕೆ ಉಳಿದಿತ್ತು. ಅಂಕಿಯ ಬದಲು ಬಣ್ಣ ಬಳಿದ ಮನೆಗಳಲ್ಲಿ ಅದೇ ಆಟ ಆಡಿದವರಿಗೆ ಇಂಥ ಲಾಭ ಆಗಲಿಲ್ಲ. 2009ರಲ್ಲಿ ಇದೇ ಜೋಡಿ ಮನೆಗಳನ್ನು ಸುತ್ತಾಗಿ ಜೋಡಿಸಿ ನೋಡಿತು. ನೇರ ಸಾಲು ಕೊಟ್ಟ ಫಲವನ್ನು ಸುತ್ತು ಕೊಡಲಿಲ್ಲ. ಸಂಖ್ಯೆ ಬೆಳೆದಂತೆ ದೂರವೂ ಬೆಳೆಯುವುದು ಕಾಣಬೇಕು, ಸುತ್ತಿ ಬಂದು ಶುರುವಿನ ಪಕ್ಕವೇ ನಿಂತರೆ ಅದು ಕಾಣುವುದಿಲ್ಲ.

ಚೌಕಾಬಾರದ ಮನೆಗಳು ಸುತ್ತುತ್ತ ಒಳಗೆ ಹೋಗುವಂಥವು, ಅಂಕಿಯೂ ಇಲ್ಲ. ಅದನ್ನು ಆರೇಳು ವರ್ಷದ ಮಕ್ಕಳಿಗೆ ಬಿಟ್ಟು, ಸಣ್ಣವರಿಗೆ ಪಡಸಾಲೆಯ ಹಾಸುಗಲ್ಲಿನ ಮೇಲೆ ಬಳಪದಿಂದ ಹತ್ತು ಮನೆ ಉದ್ದಕ್ಕೆ ಬರೆದು, ಒಂದೊಂದರಲ್ಲೂ ಅಂಕಿ ಹಾಕಬಹುದು. ಎರಡೇ ಬೀಜದ ಹೋಳು ಎಸೆದರಾಯಿತು. ಆಡುವಾಗ ಒಂದು ಸಣ್ಣ ನಿಯಮ ಪಾಲಿಸಬೇಕು. ಕಾಯಿ 4ರಲ್ಲಿದ್ದು ಎರಡು ಬಿದ್ದರೆ ಮಗು ‘ಒಂದ, ಎರಡ’ ಅನ್ನದೆ ‘ಐದ, ಆರ’ ಅನ್ನುತ್ತ ನಡೆಸಬೇಕು. ಮನೆಯಲ್ಲಿ ಬರೆದ ಅಂಕಿಯನ್ನು ಹೇಳುತ್ತ ನಡೆದ ಮಕ್ಕಳೇ ಹೆಚ್ಚು ಕಲಿಯುತ್ತಾರೆ ಎಂಬುದು ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ಕಂಡ ಸಂಗತಿ.

ಬರೆದ ಅಂಕಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ದೆಹಲಿಯ ಒಂದು ದೊಡ್ಡ ಪ್ರಯೋಗ. ‘ಪ್ರಥಮ್’ ಸಂಸ್ಥೆ ಬಡ ಬಡಾವಣೆಗಳಲ್ಲಿ ನಡೆಸುವ ಬಾಲವಾಡಿಗಳ 1540 ಮಕ್ಕಳನ್ನು ಒಳಗೊಂಡ ಈ ಪ್ರಯೋಗವನ್ನು ಮೊಯಿರಾ ಡಿಲನ್, ಸ್ಪೆಲ್ಕಿ, ಎಸ್ತರ್ ಡಫ್ಲೊ ಮೊದಲಾದವರು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಒಂದು ಗುಂಪಿನ ಮಕ್ಕಳು ಹೆಚ್ಚು ಕಡಿಮೆ ಅಂದಾಜಿಸುವ, ಆಕಾರ ಗುರುತಿಸುವ ಆಟಗಳನ್ನು ತಿಂಗಳುಗಟ್ಟಲೆ ಆಡಿದರು. ಕಣ್ಣಳತೆಯ ಗಣಿತದಲ್ಲಿ ಅವರು ಮುಂದಾದರು, ವರ್ಷ ಕಳೆದರೂ ಮುಂದೆಯೇ ಇದ್ದರು. ಆದರೆ ಒಂದನೇ ತರಗತಿಯ ಅಂಕಿ ಲೆಕ್ಕಕ್ಕೆ ಬಂದಾಗ ಆ ಆಟಗಳು ಅವರಿಗೆ ನೆರವಾಗಲಿಲ್ಲ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನವೂ ಇದೇ ಕಂದಕವನ್ನು ತೋರಿಸಿತು. ಚಿಲ್ಲರೆಯನ್ನು ಬಾಯಲ್ಲೇ ಲೆಕ್ಕ ಹಾಕಿ ಕೊಡುವ ಹುಡುಗರು ಹಾಳೆಯ ಮೇಲಿನ ಸುಲಭದ ಭಾಗಾಕಾರಕ್ಕೆ ತಡವರಿಸಿದರು. ‘ಆಡಲಿ ಬಿಡಿ, ಗಣಿತ ತಾನಾಗಿ ಬರುತ್ತದೆ’ ಎಂಬ ಹಿತವಾದ ಮಾತು ಅರ್ಧ ಮಾತ್ರ ನಿಜ. ಬಾಯಲ್ಲಿನ ಐದು, ಕೈಯಲ್ಲಿನ ಐದು ಬೀಜ, ಹಲಗೆಯ ಮೇಲಿನ 5, ಮೂರೂ ಒಂದೇ ಹೊತ್ತಿಗೆ ಒಂದೇ ಕಡೆ ಕೂಡಬೇಕು, ಕೂಡಿಸುವ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಅಂಕಿ ತಿದ್ದಿಸಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಬೀಜವೇ ಇಲ್ಲದೆ ಒಂದರಿಂದ ನೂರು ಐದು ಸಲ ಬರೆಸುವ ಎಲ್‌ಕೆಜಿಯ ಹೋಮ್‌ವರ್ಕನ್ನಂತೂ ಒಪ್ಪುವುದೇ ಇಲ್ಲ.

ಅಂಕಿ ಬರೆದದ್ದೆಲ್ಲ ಎಣಿಕೆಯಲ್ಲ ಎಂಬ ತೊಡಕೂ ಒಂದಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಭಾಗಗಳು ಮುಳುಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ಮಕ್ಕಳು ಸೆಕ್ಟರ್ ನಂಬರಿನ ಜೊತೆಗೇ ಬೆಳೆಯುತ್ತಾರೆ. ಸೆಕ್ಟರ್ 24 ಅಂದರೆ ಇಪ್ಪತ್ನಾಲ್ಕು ಏನೋ ಇವೆ ಎಂದಲ್ಲ, ಅದು ಹೆಸರು. ಬಸ್ಸಿನ ನಂಬರೂ ಹಾಗೆಯೇ. ಮಗು ಗೊಂದಲಗೊಂಡರೆ ಅದರ ತಪ್ಪಿಲ್ಲ.

ಇಳಕಲ್ಲಿಗೆ ಬಂದು ಸೀರೆಯ ಮಾತೆತ್ತದೆ ಹೋಗಲಾಗದು. ಟೋಪಿ ತೆನಿ ಎಂಬ ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಅಜ್ಜಿಯ ಸೆರಗು ಹಾಸಿ ಕೆಂಪು, ಬಿಳಿ, ಕೆಂಪು ಎಂದು ಹೇಳಿಸಿ, ಅದೇ ವಿನ್ಯಾಸವನ್ನು ಬಟ್ಟೆಯಲ್ಲಲ್ಲದೆ ಬೀಜ ಮತ್ತು ಅವರೆಕಾಳಿನಲ್ಲಿ ಜೋಡಿಸಲು ಹೇಳಿದರೆ ಅದು ನಿಜವಾದ ಪರೀಕ್ಷೆ. ಬಣ್ಣ ಬಿಟ್ಟುಹೋಗಿ ಕ್ರಮ ಮಾತ್ರ ಉಳಿಯಬೇಕು. ಇಂಥ ವಿನ್ಯಾಸದ ಅರಿವು ನಾಲ್ಕೈದರ ವಯಸ್ಸಿನಲ್ಲಿ ಹೇಗಿದೆ ಎಂಬುದಕ್ಕೂ ಹತ್ತು ಹನ್ನೊಂದರ ಗಣಿತಕ್ಕೂ ನಂಟಿದೆ ಎಂದು ಬೆಥನಿ ರಿಟಲ್-ಜಾನ್ಸನ್ ಮತ್ತು ಸಂಗಡಿಗರು 2017ರಲ್ಲಿ ಬರೆದಿದ್ದಾರೆ. ಗೆರೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಕಸೂತಿ ಹಾಕುವ ಹೆಂಗಸರಿಗೆ ಇದು ಹೊಸ ಸುದ್ದಿಯಲ್ಲ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ.ನರಸೀಪುರಕ್ಕೆ. ಈಗ ಮೂರರಿಂದ ಆರು ವರ್ಷದ ಮಕ್ಕಳು ದಿನವೂ ಸೇರುವ ಜಾಗ ಹಳ್ಳಿಹಳ್ಳಿಯಲ್ಲಿದೆ. ಊಟ, ತೂಕ, ಲಸಿಕೆ, ರಿಜಿಸ್ಟರು, ಮೊಬೈಲಿನಲ್ಲಿ ತುಂಬುವ ಮಾಹಿತಿ ಎಲ್ಲದರ ನಡುವೆ ಗಣಿತಕ್ಕೆ ಬೇರೆ ಹೊತ್ತು ಎಲ್ಲಿದೆ ಎಂದು ಅಕ್ಕೋರು ಕೇಳಿದರೆ ಅದು ನ್ಯಾಯ. ಬೇರೆ ಹೊತ್ತು ಬೇಕಿಲ್ಲ, ಊಟದ ಹೊತ್ತೇ ಸಾಕು. ಎಂಟು ಮಕ್ಕಳು ಕೂತಿದ್ದರೆ ಆರು ತಟ್ಟೆ ಮಾತ್ರ ಕೊಟ್ಟು ಒಂದು ಮಗುವಿಗೆ ಹಂಚಲು ಹೇಳಿ, ಸಾಲದೆ ಬಂದಾಗ ‘ಇನ್ನ ಎಷ್ಟ ಬೇಕವ್ವಾ?’ ಎಂದು ಕೇಳಬೇಕು. ಕೆಲ್ಲಿ ಮಿಕ್ಸ್ ಮತ್ತು ಸಂಗಡಿಗರು 2012ರಲ್ಲಿ ಕಂಡಂತೆ, ಬರೀ ಎಣಿಸಿ ತೋರಿಸುವುದಕ್ಕಿಂತ ಮೊತ್ತವನ್ನು ಮೊದಲೇ ಹೇಳಿ ಕೂಡಲೇ ಎಣಿಸುವುದು ಮಕ್ಕಳಿಗೆ ಬೇಗ ಹತ್ತುತ್ತದೆ. ‘ಎಂಟು ತಟ್ಟಿ ಬಂದ್ವು ನೋಡ್ರಿ. ಒಂದ, ಎರಡ, ಮೂರ...’ ಎಂದು ಎಣಿಸಿ, ಗೋಡೆಯ ಕರಿಹಲಗೆಯ ಮೇಲೆ ದೊಡ್ಡದಾಗಿ 8 ಬರೆದು, ಮಕ್ಕಳು ಅದನ್ನು ನೋಡಿದ ಮೇಲೆ ಸಾರು ಬಡಿಸಬಹುದು. ನಾಳೆ ಒಂದು ಮಗು ಜ್ವರವೆಂದು ಬರದಿದ್ದರೆ ಹಲಗೆಯ ಮೇಲಿನ 8 ಒರೆಸಿ ಏನು ಬರೆಯಬೇಕೆಂದು ಮಕ್ಕಳನ್ನೇ ಕೇಳಬಹುದು.