ಡಪ್ಪಿನ ಪೆಟ್ಟಿಗೆ ಕನ್ನಡದ ಮಾತು
ಜತ್ತ ಸೀಮೆಯ ಗೀಗೀ ಹಾಡುಗಾರನ ಬದುಕು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕುಣಿಕೋಣೂರ ಎಂಬ ಹಳ್ಳಿಯಿದೆ. ಆ ಸೀಮೆಯ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಂಥ ಬಾಳು ಎಂಥದೆಂದು ಕಾಸರಗೋಡಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಕಾಸರಗೋಡಿನಂತೆಯೇ ಜತ್ತ ಸೀಮೆಯ ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ವರದಿ ಕಾಗದದಲ್ಲೇ ಉಳಿಯಿತು. ಆದರೆ ಉತ್ತರದ ಆ ಗಡಿಭಾಗದಲ್ಲಿ ಕನ್ನಡವನ್ನು ಊರ ನಡುವೆ ನಿಂತು ಹಾಡಿದವರಿದ್ದಾರೆ. ಅವರೇ ಲಾವಣಿ, ಗೀಗೀ ಪದಗಳ ಹಾಡುಗಾರರು.

ಗೀಗೀ ಮೇಳ ದೊಡ್ಡದೇನೂ ಅಲ್ಲ. ಮುಂದಾಳು ಡಪ್ಪು ಬಾರಿಸುತ್ತ ಪದ ಎತ್ತುತ್ತಾನೆ. ಹಿಂದೆ ನಿಂತವರು ತುಂತುಣಿ ಮೀಟಿ, ತಾಳ ತಟ್ಟಿ ‘ಗೀಯ ಗಾ’ ಎಂದು ದನಿಗೂಡಿಸುತ್ತಾರೆ. ಆ ಸೊಲ್ಲಿನಿಂದಲೇ ಹಾಡಿಗೆ ಈ ಹೆಸರು ಬಂದಿದೆ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರಾದರೆ ಅದು ಹರದೇಶಿ-ನಾಗೇಶಿ ವಾದ. ಹರದೇಶಿಯವರು ಶಿವನ, ಗಂಡಿನ ಪಕ್ಷ ಹಿಡಿದರೆ ನಾಗೇಶಿಯವರು ಶಕ್ತಿಯ, ಹೆಣ್ಣಿನ ಪಕ್ಷ ವಹಿಸುತ್ತಾರೆ. ಒಬ್ಬರು ಹಾಡಿನಲ್ಲಿಯೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲಿಯೇ ಜವಾಬು ಕೊಡಬೇಕು. ಬೆಳಗಿನ ಜಾವದವರೆಗೂ ಜನ ಕದಲುವುದಿಲ್ಲ.

ಹೀಗೆ ರಾತ್ರಿ ಪುರಾಣವನ್ನೇ ಜಾಲಾಡುವ ಹಾಡುಗಾರ ಹಗಲು ಹೊತ್ತಿನಲ್ಲಿ ಬಹುಮಟ್ಟಿಗೆ ಒಕ್ಕಲಿಗ ಅಥವಾ ಕೂಲಿಕಾರ. ಜತ್ತ ಬರಗಾಲಕ್ಕೆ ಹೆಸರಾದ ಸೀಮೆ. ಮಳೆ ಕೈಕೊಟ್ಟರೆ ಹೊಲವೂ ಇಲ್ಲ, ಜಾತ್ರೆಯ ಸಡಗರವೂ ಇಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ಗುರುವಿನ ಬಾಯಿಂದ ಕೇಳಿ ನೂರಾರು ಪದಗಳನ್ನು ಕಂಠಗತ ಮಾಡಿಕೊಂಡದ್ದುಂಟು.

ಈ ಬಡ ಹಾಡುಗಾರರ ಬೆಲೆಯನ್ನು ಮೊದಲೇ ಅರಿತವರು ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಈ ಬಳಗದವರು. ಇವರಲ್ಲಿ ಧೂಲಾಸಾಹೇಬರು ಲಾವಣಿಯ ಹಾಡುಗಾರರು. ಅದೇ ಊರಿನ ಖಾಜಾಭಾಯಿ ಹೆಸರಾಂತ ಲಾವಣಿಕಾರರು. ಕನ್ನಡದ ಲಾವಣಿ ಮುಸಲ್ಮಾನರ ಕೊರಳಲ್ಲಿಯೂ ಬೆಳೆಯಿತೆಂಬುದನ್ನು ಮರೆಯಬಾರದು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಹೊರಬಂದಾಗ ಓದುಬರಹ ಬಲ್ಲವರ ಕಣ್ಣು ತೆರೆಯಿತು.

ಅಮೆರಿಕೆಯಲ್ಲಿ ಆಫ್ರಿಕನ್ ಮೂಲದ ದುಡಿಮೆಗಾರರ ಮಕ್ಕಳು ಬೆಳೆಸಿದ ಸಂಗೀತಕ್ಕೆ 1949ರಲ್ಲಿ ಅಲ್ಲಿನ ಪತ್ರಿಕೆಯೊಂದು ‘ರಿದಂ ಆ್ಯಂಡ್ ಬ್ಲೂಸ್’ ಎಂಬ ಹೆಸರನ್ನು ರೂಢಿಗೆ ತಂದಿತು. ಒಬ್ಬ ಎತ್ತಿದ ಸೊಲ್ಲಿಗೆ ಹಲವರು ಓಗೊಡುವುದು, ತಾಳದ ಬಿಗಿಯಲ್ಲಿ ಬದುಕಿನ ನೋವನ್ನೂ ನಗೆಯನ್ನೂ ಹೇಳುವುದು ಅಲ್ಲಿಯೂ ಉಂಟು, ಜತ್ತದ ಕಟ್ಟೆಯಲ್ಲಿಯೂ ಉಂಟು.

ಆದರೆ ಒಂದು ಮಾತು. ಡಪ್ಪಿನ ಪೆಟ್ಟಿಗೆ ಯಾವ ಭಾಷೆಯವನಾದರೂ ತಲೆದೂಗಬಹುದು. ಸವಾಲಿಗೆ ತಕ್ಕ ಜವಾಬು ಬಂತೋ ಇಲ್ಲವೋ ಎಂದು ತೀರ್ಮಾನಿಸಲು ಮಾತ್ರ ಕೇಳುವವನಿಗೆ ಕನ್ನಡ ತಿಳಿದಿರಬೇಕು. ನಮ್ಮ ತಾಳಮದ್ದಳೆಯ ಕತೆಯೂ ಇದೇ ಅಲ್ಲವೇ? ಚೆಂಡೆಯ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಅರ್ಥಗಾರಿಕೆಯ ಸವಿ ಭಾಷೆ ಬಲ್ಲವರಿಗಷ್ಟೇ. ಹಾಡುಗಾರನಿಗೆ ಶಾಲು ಹೊದಿಸಿದ ಮಾತ್ರಕ್ಕೆ ಕಲೆ ಉಳಿಯದು. ಅವನ ಮುಂದೆ ಕುಳಿತು ಪದ ತಿಳಿದು ನಗುವ, ಎದುರು ಪ್ರಶ್ನೆ ಕೇಳುವ ಮಕ್ಕಳು ಬೇಕು. ಅಂಥ ಮಕ್ಕಳು ತಯಾರಾಗುವುದು ಕನ್ನಡ ಶಾಲೆಯಲ್ಲಿ, ಅದಕ್ಕೂ ಮೊದಲು ನಮ್ಮ ಮನೆಯ ಜಗಲಿಯಲ್ಲಿ.