ವಂಶವೃಕ್ಷ ಸಿದ್ಧಪಡಿಸುವವರ ಗಮನಕ್ಕೆ: ಹೆಳವರ ಹೊತ್ತಿಗೆ ಮತ್ತು ಕಂದಾಯ ದಾಖಲೆಗಳು

ಪೌತಿ ಖಾತೆ ಬದಲಾವಣೆ, ಪಿತ್ರಾರ್ಜಿತ ಆಸ್ತಿಯ ವಿಭಾಗ ಮುಂತಾದ ಕಾರ್ಯಗಳಿಗಾಗಿ ಸಾರ್ವಜನಿಕರು ಕುಟುಂಬದ ವಂಶವೃಕ್ಷವನ್ನು ಹಾಜರುಪಡಿಸಬೇಕಾಗುತ್ತದೆ. ಮರಣ ಹೊಂದಿದವರ ಹೆಸರಿನಲ್ಲಿಯೇ ಪಹಣಿಯು ಎರಡು ಮೂರು ತಲೆಮಾರುಗಳ ಕಾಲ ಮುಂದುವರಿದಿರುವ ಪ್ರಕರಣಗಳಲ್ಲಿ ಅರ್ಜಿದಾರರು ಮುತ್ತಜ್ಜನ ಹೆಸರಿನವರೆಗೂ ಹೋಗುವುದು ಅನಿವಾರ್ಯವಾಗುತ್ತದೆ. ಇಂತಹ ಸಂದರ್ಭದಲ್ಲಿ ಮಾಹಿತಿಯನ್ನು ಎಲ್ಲಿ ಪಡೆಯಬಹುದು, ಪಡೆದ ಮಾಹಿತಿಯನ್ನು ಹೇಗೆ ತಾಳೆ ನೋಡಬೇಕು ಮತ್ತು ಯಾರ ಹೆಸರನ್ನೂ ಏಕೆ ಕೈಬಿಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಳವರು

ಕರ್ನಾಟಕದ ಅನೇಕ ಗ್ರಾಮಗಳಲ್ಲಿ ವಂಶಾವಳಿಯನ್ನು ಹೇಳುವುದೇ ಕುಲಕಸುಬಾಗಿರುವ ಸಮುದಾಯವೊಂದಿದೆ. ಅವರೇ ಹೆಳವರು. ಹೆಳವ ಎಂಬ ಪದಕ್ಕೆ ಕುಂಟ ಎಂಬ ಅರ್ಥವಿದ್ದು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಮನೆಮನೆಗೆ ಬರುವುದು ಇವರ ಹಿಂದಿನ ಪದ್ಧತಿಯಾಗಿತ್ತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳನ್ನು ಕುರಿತ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಹೆಳವರನ್ನು ಗ್ರಾಮಗಳ ಚರಿತ್ರೆಯನ್ನು ಕಾಪಾಡಿಕೊಂಡು ಬಂದವರೆಂದು ಗುರುತಿಸಲಾಗಿದೆ.

ಪ್ರತಿಯೊಂದು ಹೆಳವ ಮನೆತನಕ್ಕೂ ತನ್ನದೇ ಆದ ಒಕ್ಕಲುಗಳಿರುತ್ತವೆ. ಸುಗ್ಗಿ ಮುಗಿದ ಬಳಿಕ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಆರಂಭಿಸಿ ತಲೆಮಾರುಗಳ ಹೆಸರು, ಬೆಡಗು, ಮನೆತನ ಎಲ್ಲಿಂದ ಬಂದು ನೆಲೆಸಿತು ಎಂಬ ವಿವರಗಳನ್ನು ಹಾಡಿ ಹೇಳುತ್ತಾರೆ. ಹಿಂದಿನ ಭೇಟಿಯ ಅನಂತರ ಹುಟ್ಟಿದವರ ಹೆಸರನ್ನು ಕೇಳಿ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳುತ್ತಾರೆ; ಪ್ರತಿಫಲವಾಗಿ ಕಾಳು, ಬಟ್ಟೆ ಅಥವಾ ಹಣವನ್ನು ಪಡೆಯುತ್ತಾರೆ. ಕೆಲವು ಮನೆತನಗಳಿಗೆ ವರ್ಷಕ್ಕೊಮ್ಮೆ, ಕೆಲವಕ್ಕೆ ಹಲವು ವರ್ಷಗಳಿಗೊಮ್ಮೆ ಈ ಭೇಟಿ ನಡೆಯುವುದು ವಾಡಿಕೆ. ಮನೆಯ ಹಿರಿಯರಿಗೆ ನೆನಪಿಲ್ಲದ ಹೆಸರುಗಳು ಈ ಹೊತ್ತಿಗೆಯಲ್ಲಿ ದೊರೆಯುವ ಸಂಭವ ಉಂಟು. ಆದುದರಿಂದ ಹೆಳವರು ಬಂದಾಗ ಅವರು ಹೇಳುವುದನ್ನು ಬರೆದಿಟ್ಟುಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಉಪಯುಕ್ತ. ಆ ಕಸುಬನ್ನು ಬಿಟ್ಟು ಬೇರೆ ಉದ್ಯೋಗ ಹಿಡಿದಿರುವ ಹೆಳವ ಕುಟುಂಬಗಳೂ ಇರುವುದರಿಂದ ಇದನ್ನು ಮುಂದೂಡುವುದು ಹಿತವಲ್ಲ.

ಹೆಳವರ ಹೊತ್ತಿಗೆಯಲ್ಲಿ ಹೆಸರಿದೆ ಎಂಬ ಒಂದೇ ಕಾರಣದಿಂದ ವಂಶವೃಕ್ಷವು ದೃಢೀಕರಣಗೊಳ್ಳುವುದಿಲ್ಲ. ಆದರೆ ಸಂಬಂಧವನ್ನು ತಿಳಿಯುವ ವಿಶೇಷ ಅವಕಾಶವಿದ್ದ, ಈಗ ಜೀವಂತವಿಲ್ಲದ ವ್ಯಕ್ತಿಯು ವಿವಾದ ಹುಟ್ಟುವ ಮೊದಲೇ ನೀಡಿದ್ದ ಹೇಳಿಕೆಯು ನ್ಯಾಯಾಲಯದಲ್ಲಿ ಪ್ರಸ್ತುತವಾಗುತ್ತದೆಂಬ ತತ್ತ್ವವು 1872ರ ಸಾಕ್ಷ್ಯ ಅಧಿನಿಯಮದಲ್ಲಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ವಿವಾದಕ್ಕೆ ಮೊದಲು ಬರೆದದ್ದಕ್ಕೂ ವಿವಾದ ಬಂದ ಮೇಲೆ ಬರೆಸಿದ್ದಕ್ಕೂ ಬೆಲೆಯಲ್ಲಿ ಅಂತರವಿದೆ ಎಂಬುದನ್ನು ಅರ್ಜಿದಾರರು ಮನಗಾಣುವುದು.

ದಾಖಲೆಗಳೊಂದಿಗೆ ತಾಳೆ

ಕೈಬರಹದ ಹಳೆಯ ಪಹಣಿ, ಹಕ್ಕು ಬದಲಾವಣೆ ವಹಿ, ನೋಂದಾಯಿತ ಕ್ರಯಪತ್ರ ಹಾಗೂ ವಿಭಾಗಪತ್ರಗಳಲ್ಲಿ ವ್ಯಕ್ತಿಯ ಹೆಸರಿನೊಂದಿಗೆ ಸಂಬಂಧವೂ ನಮೂದಾಗಿರುತ್ತದೆ. ಹಳೆಯ ಮೈಸೂರು ಭಾಗದ ದಾಖಲೆಗಳಲ್ಲಿ ಬರುವ ‘ಬಿನ್’ ಎಂದರೆ ಇಂತಹವರ ಮಗ; ‘ಕೋಂ’ ಎಂದರೆ ಇಂತಹವರ ಹೆಂಡತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ‘ಸಿದ್ದಪ್ಪ ಬಿನ್ ಬಸಪ್ಪ’ ಎಂಬ ನಮೂದು ಒಂದೇ ಮನೆತನದಲ್ಲಿ ಎರಡು ಬೇರೆ ಬೇರೆ ವ್ಯಕ್ತಿಗಳಿಗೆ ಅನ್ವಯಿಸಬಹುದು. ಆದುದರಿಂದ ಹೆಸರಿನ ಜೊತೆಗೆ ನಮೂದಿನ ವರ್ಷ ಮತ್ತು ಸರ್ವೆ ನಂಬರನ್ನೂ ನೋಡತಕ್ಕದ್ದು. ಹಳೆಯ ದಾಖಲೆಗಳ ಪ್ರತಿಗಳನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಪಡೆಯಬಹುದು.

ಕರಾವಳಿಯ ಅಳಿಯಸಂತಾನ ಕುಟುಂಬಗಳ ಹಳೆಯ ಆಸ್ತಿಗಳಿಗೆ ಸಂಬಂಧಿಸಿದಂತೆ ಮೇಲಿನ ಕ್ರಮವು ಸಾಲದು. ಅಲ್ಲಿ ಸಂತತಿಯು ತಾಯಿಯ ಕಡೆಯಿಂದ ಎಣಿಕೆಯಾಗುವುದರಿಂದ ಮೂಲ ಸ್ತ್ರೀಯಿಂದ ಆರಂಭಿಸಿ ಕವರುಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ.

ಹೆಣ್ಣುಮಕ್ಕಳ ಹೆಸರು

ಮೇಲೆ ಹೇಳಿದ ‘ಕೋಂ’ ಎಂಬ ಒಂದಕ್ಷರದ ಪರಿಣಾಮ ಸಣ್ಣದಲ್ಲ. ಮದುವೆಯಾದ ಮಗಳು ಗಂಡನ ಹೆಸರಿನೊಂದಿಗೆ ಗಂಡನ ಊರಿನ ದಾಖಲೆಗೆ ಸೇರುತ್ತಾಳೆ. ತವರಿನ ದಾಖಲೆಯಲ್ಲಿ ಆಕೆಯ ಗುರುತು ಉಳಿಯುವುದು ವಿರಳ. ಇದನ್ನೇ ಆಧಾರವಾಗಿಸಿಕೊಂಡು ಗಂಡುಮಕ್ಕಳ ಹೆಸರನ್ನಷ್ಟೇ ಬರೆದು ವಂಶವೃಕ್ಷ ಸಲ್ಲಿಸುವ ಪರಿಪಾಠವಿದೆ. ಇದು ತಪ್ಪು. ಕೊಟ್ಟ ಮನೆಗೆ ಹೋದವಳಿಗೆ ಇಲ್ಲೇನು ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ.

ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯ ತಿದ್ದುಪಡಿಯು ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಾನ ಹಕ್ಕನ್ನು ನೀಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಅಧಿನಿಯಮದಲ್ಲಿ ಈ ಭೇದವಿಲ್ಲ. ಆ ದಿನದಂದು ತಂದೆ ಜೀವಂತವಿರಲೇಬೇಕೆಂಬ ನಿಬಂಧನೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಪು ನೀಡಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ವಿಧಿವತ್ತಾಗಿ ಆಗಿರುವ ವಿಭಾಗಗಳಿಗೆ ಮಾತ್ರ ಬಾಧಕವಿಲ್ಲ. ಮಗಳು ಹಕ್ಕನ್ನು ಬಿಟ್ಟುಕೊಡಲು ಇಚ್ಛಿಸಿದಲ್ಲಿ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆ; ಹೆಸರನ್ನು ಮರೆಮಾಚುವುದು ಅದಕ್ಕೆ ದಾರಿಯಲ್ಲ. ಮೃತಪಟ್ಟ ಮಗಳ ಹೆಸರನ್ನೂ, ಆಕೆಯ ಮಕ್ಕಳ ಹೆಸರನ್ನೂ ಬರೆಯತಕ್ಕದ್ದು.

ಅರ್ಜಿ ಸಲ್ಲಿಸುವಿಕೆ

ಅರ್ಜಿಯನ್ನು ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಸಲ್ಲಿಸಬಹುದು. ವಂಶವೃಕ್ಷದ ಪ್ರಮಾಣಪತ್ರ, ಗುರುತಿನ ದಾಖಲೆ, ಪಡಿತರ ಚೀಟಿ ಮತ್ತು ಮೃತರ ಮರಣ ಪ್ರಮಾಣ ಪತ್ರಗಳನ್ನು ಲಗತ್ತಿಸುವುದು. ಮರಣವು ನೋಂದಣಿಯಾಗದೆ ಒಂದು ವರ್ಷ ಮೀರಿದ್ದಲ್ಲಿ, 2023ರಲ್ಲಿ ತಿದ್ದುಪಡಿಯಾದ ಜನನ ಮತ್ತು ಮರಣ ನೋಂದಣಿ ಅಧಿನಿಯಮದಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶವನ್ನು ಮೊದಲು ಪಡೆಯಬೇಕಾಗುತ್ತದೆ. ಗ್ರಾಮ ಆಡಳಿತಾಧಿಕಾರಿಯು ಸ್ಥಳ ವಿಚಾರಣೆ ನಡೆಸಿ, ನೆರೆಹೊರೆಯವರ ಸಮಕ್ಷಮ ಮಹಜರು ಮಾಡಿ ವರದಿ ನೀಡುತ್ತಾರೆ. ಕುಟುಂಬದ ಮೂಲವನ್ನು ಬಲ್ಲ ಹಿರಿಯರು ಆ ದಿನ ಊರಿನಲ್ಲಿರುವಂತೆ ನೋಡಿಕೊಂಡಲ್ಲಿ ವಿಚಾರಣೆ ಸುಗಮವಾಗುತ್ತದೆ.

ಉತ್ತರಾಧಿಕಾರದಿಂದ ಜಮೀನಿನ ಹಕ್ಕು ಪಡೆದವರು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 128ನೇ ಪ್ರಕರಣದಂತೆ ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದು. ವಂಶವೃಕ್ಷವು ಸಂಬಂಧವನ್ನು ತಿಳಿಸುವ ದಾಖಲೆಯೇ ಹೊರತು ಒಡೆತನವನ್ನು ನೀಡುವುದಿಲ್ಲ. ಬಿಟ್ಟುಹೋದ ವಾರಸುದಾರರು ಹಕ್ಕು ಬದಲಾವಣೆಯ ನೋಟೀಸಿನ ಅವಧಿಯಲ್ಲಿ ತಕರಾರು ಸಲ್ಲಿಸಬಹುದು, ಒಡೆತನದ ತಂಟೆಯಿದ್ದಲ್ಲಿ ಸಿವಿಲ್ ನ್ಯಾಯಾಲಯವನ್ನು ಆಶ್ರಯಿಸಬಹುದು.