ಬಣವೆಯಿಂದ ಗೋದಾಮಿಗೆ ಬಂದ ಬೆಂಕಿ

ಸಂಕ್ರಾಂತಿ ಕಳೆದು ಬಿಸಿಲು ಬಲಿತರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಗ್ನಿಶಾಮಕ ಠಾಣೆಗಳ ಫೋನಿಗೆ ಬಿಡುವಿಲ್ಲ. ಹುಲ್ಲಿನ ಬಣವೆಗೆ ಕಿಡಿ ಬಿತ್ತು, ಮೇವು ಹೇರಿಕೊಂಡ ಟ್ರ್ಯಾಕ್ಟರ್ ಕರೆಂಟ್ ತಂತಿಗೆ ತಗುಲಿತು, ನೀಲಗಿರಿ ತೋಪು ಹೊತ್ತಿಕೊಂಡಿತು, ಹಸು ಬಾವಿಗೆ ಬಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಠಾಣೆಗಳಿಗೆ ಇದೆಲ್ಲ ಹಳೆಯ ಕೆಲಸ. ಈಗ ಬಣವೆಯ ಪಕ್ಕದ ಹೊಲದಲ್ಲೇ ತಗಡಿನ ಗೋದಾಮು ಎದ್ದಿದೆ. ಬೆಂಕಿಯ ಜಾತಿಯೇ ಬದಲಾಗಿದೆ.

2025ರ ಮೇ ತಿಂಗಳಲ್ಲಿ ನೆಲಮಂಗಲ ಬಳಿಯ ಅಡಕಮಾರನಹಳ್ಳಿಯ ಎಣ್ಣೆ ಗೋದಾಮು ನಸುಕಿನಲ್ಲೇ ಹೊತ್ತಿ ಉರಿಯಿತು. ಬಣವೆಗೆ ಸುರಿದಂತೆ ಎಣ್ಣೆಗೆ ನೀರು ಸುರಿಯಲಾಗದು. ನೀರು ತಳಕ್ಕಿಳಿದು ಎಣ್ಣೆ ಮೇಲೆ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ. ನೊರೆ ಹಾಯಿಸಿ ಗಾಳಿ ಸೋಕದಂತೆ ಮುಚ್ಚಬೇಕು. ದೊಡ್ಡಬಳ್ಳಾಪುರದ್ದು ಬೇರೆಯೇ ಕಷ್ಟ. ಅಲ್ಲಿ ಮಗ್ಗ ಮನೆಯೊಳಗೇ ಇದೆ, ನೂಲು ಗೋಡೆಗೊರಗಿಕೊಂಡೇ ಇದೆ, ಗಲ್ಲಿಗೆ ದೊಡ್ಡ ವಾಹನ ನುಗ್ಗುವುದಿಲ್ಲ.

ಈ ಠಾಣೆಗಳು ಯಾವ ನಗರಸಭೆಯ ಸ್ವತ್ತೂ ಅಲ್ಲ. ಅಗ್ನಿಶಾಮಕ ಸೇವೆಯನ್ನು ಸಂವಿಧಾನದ 12ನೇ ಅನುಸೂಚಿ ಸ್ಥಳೀಯ ಸಂಸ್ಥೆಗಳ ಪಟ್ಟಿಯಲ್ಲಿಟ್ಟಿದೆ. ಮುಂಬೈಯಲ್ಲಿ ಅದನ್ನು ಪಾಲಿಕೆಯೇ ನಡೆಸುತ್ತದೆ. ನಮ್ಮಲ್ಲಿ 1964ರ ಕಾಯ್ದೆಯ ಅಡಿ ಇದು ರಾಜ್ಯದ ಇಲಾಖೆ, ಗೃಹ ಇಲಾಖೆಗೆ ಸೇರಿದ್ದು. ಇದರಿಂದ ಒಂದು ದೊಡ್ಡ ಅನುಕೂಲವುಂಟು. ಹೊಸಕೋಟೆಯಲ್ಲಿ ಬೆಂಕಿ ಮೀರಿದರೆ ದೇವನಹಳ್ಳಿಯ ಗಾಡಿಯನ್ನೋ ಬೆಂಗಳೂರಿನ ಗಾಡಿಯನ್ನೋ ಕರೆಸಲು ಪತ್ರ ಬರೆಯಬೇಕಿಲ್ಲ, ಬಾಡಿಗೆಯ ಮಾತಿಲ್ಲ. ವೈರ್‌ಲೆಸ್ ಕರೆ ಸಾಕು. ಅನನುಕೂಲವೂ ಇದೆ: ಬಡಾವಣೆಗೆ ಮಂಜೂರಾತಿ ಕೊಡುವವರು ಒಬ್ಬರು, ಬೆಂಕಿ ಆರಿಸುವವರು ಇನ್ನೊಬ್ಬರು.

ಬೇಗ ತಲುಪುವುದೇ ಈ ಕೆಲಸದ ಜೀವಾಳ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿಯ ಲೆಕ್ಕದಲ್ಲಿ ಪಟ್ಟಣದೊಳಗೆ 5ರಿಂದ 7 ನಿಮಿಷ, ಹಳ್ಳಿಗಾಡಿನಲ್ಲಿ 20 ನಿಮಿಷದೊಳಗೆ ವಾಹನ ಸ್ಥಳದಲ್ಲಿರಬೇಕು. ಹಳ್ಳಿಗಾಡಿನಲ್ಲಿ 50 ಚದರ ಕಿ.ಮೀ.ಗೆ ಒಂದು ಠಾಣೆ ಬೇಕು. ಈ ಜಿಲ್ಲೆಯ ವಿಸ್ತೀರ್ಣ ಸುಮಾರು 2,300 ಚದರ ಕಿ.ಮೀ. ಉಳಿದ ಲೆಕ್ಕ ಓದುಗರೇ ಹಾಕಿಕೊಳ್ಳಲಿ. ಇದೇ ದೇವನಹಳ್ಳಿ ತಾಲ್ಲೂಕಿನ ವಿಮಾನ ನಿಲ್ದಾಣಕ್ಕೆ ಅದರದೇ ಅಗ್ನಿಶಾಮಕ ಪಡೆಯಿದೆ. ಅಂತರರಾಷ್ಟ್ರೀಯ ನಿಯಮದಂತೆ ರನ್‌ವೇಯ ಯಾವ ಮೂಲೆಗಾದರೂ ಅದು 3 ನಿಮಿಷದಲ್ಲಿ ತಲುಪಬೇಕು. ಬೇಲಿಯ ಒಳಗೆ 3 ನಿಮಿಷ, ಹೊರಗಿನ ಹಳ್ಳಿಗೆ 20 ನಿಮಿಷ, ಅದೂ ಲಾರಿಗಳು ದಾರಿ ಬಿಟ್ಟರೆ.

ಇನ್ನು ನೀರು. ಸಾಮಾನ್ಯ ಜಲವಾಹನದ ಹೊಟ್ಟೆಯಲ್ಲಿ 4,500 ಲೀಟರ್ ಇರುತ್ತದೆ. ಎರಡು ಹೋಸ್ ಬಿಟ್ಟರೆ ಅದು ಹತ್ತು ನಿಮಿಷಕ್ಕೂ ಸಾಲದು. ಆಮೇಲೆ ಕೆರೆಗೆ ಪೈಪ್ ಇಳಿಸಿ ಎಳೆದುಕೊಳ್ಳಬೇಕು, ಇಲ್ಲವೇ ಟ್ಯಾಂಕರ್‌ಗೆ ಕಾಯಬೇಕು. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಗಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೂ ಬೇಸಿಗೆಗೆ ಒಣಗುತ್ತದೆ. ಹಾಗಾಗಿ ಕೆರೆ ಒತ್ತುವರಿ ಅಂದರೆ ಅಗ್ನಿಶಾಮಕರ ನೀರನ್ನೂ ಕಸಿದಂತೆ. ಒತ್ತುವರಿಯ ವಿರುದ್ಧ ಅಷ್ಟೊಂದು ಮಾತಾಡುವ ನಾವು ಇದನ್ನು ಹೇಳುವುದೇ ಇಲ್ಲ.

ಒಳ್ಳೆಯ ಸುದ್ದಿಯೂ ಇದೆ. 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಉಪನಗರ ವರ್ತುಲ ರಸ್ತೆಯ 80 ಕಿ.ಮೀ. ಭಾಗ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆ ಮುಟ್ಟುತ್ತದೆ. ಒಂದು ಠಾಣೆಯ ವಾಹನ ಬೆಂಗಳೂರಿನ ಟ್ರಾಫಿಕ್ಕಿಗೆ ಸಿಲುಕದೆ ಇನ್ನೊಂದರ ನೆರವಿಗೆ ಧಾವಿಸಬಹುದು. ಅಗ್ನಿಶಾಮಕ ಸೇವೆಯ ವಿಸ್ತರಣೆಗೆಂದೇ ಕೇಂದ್ರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆಯನ್ನೂ ತಂದಿದೆ.

ಆದರೆ ಠಾಣೆ ಕಟ್ಟಲು ಜಾಗ ಬೇಕಲ್ಲ? ಆ ರಸ್ತೆಯ ಅಕ್ಕಪಕ್ಕ ಇಂದು ಎಕರೆಗೆ ಕೋಟಿಗಳ ಮಾತು. ಯೋಜನಾ ಪ್ರಾಧಿಕಾರಗಳು ಕೈಗಾರಿಕಾ ಬಡಾವಣೆಯ ನಕ್ಷೆಗೆ ಸಹಿ ಹಾಕುವಾಗಲೇ ಒಂದು ನಾಗರಿಕ ಸೌಲಭ್ಯ (ಸಿ.ಎ.) ನಿವೇಶನವನ್ನು ಠಾಣೆಗೂ ಅದರ ನೀರಿನ ತೊಟ್ಟಿಗೂ ಮೀಸಲಿಡಬೇಕು. ಗೋದಾಮುಗಳು ತುಂಬಿದ ಮೇಲೆ ಇಲಾಖೆಗೆ ಸಿಗುವುದು ಊರಾಚೆಯ ಗೋಮಾಳವಷ್ಟೇ.